ಹಿಸಾಬ್ ಮಾಸ್ತರರ ನೂರಿಪ್ಪತ್ತೊಂದು

ಕಳೆದ ವಾರ ಹಳೆಯ ಕೌದಿಯೊಂದನ್ನು ಬಿಚ್ಚಲು ಕೂತಿದ್ದೆ. ಮೇಲಿನ ಅರಿವೆ ಕೈ ಇಟ್ಟಲ್ಲೆಲ್ಲ ಹರಿಯುತ್ತಿತ್ತು. ಇದನ್ನು ಎಸೆದು ಹೊಸ ಚಾದರ ತರೋಣ ಎಂದಳು ಮೊಮ್ಮಗಳು. ಎಸೆಯುವ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಸಿಟ್ಟು. ನೇಕಾರರ ಮನೆಯಲ್ಲಿ ಹುಟ್ಟಿದವಳು ಅರಿವೆ ಎಸೆಯುವುದಿಲ್ಲ, ಒಳಗೆ ಹಾಕಿ ಮೇಲೆ ಇನ್ನೊಂದು ಹೊಲಿಯುತ್ತಾಳೆ. ಹೊಲಿಗೆ ಬಿಚ್ಚುತ್ತ ಹೋದಂತೆ ಮೂರನೆಯ ಪದರದಲ್ಲಿ ಒಂದು ಸೀರೆಯ ತುಂಡು ಕಂಡಿತು. ಕೆಂಪು, ಹಳದಿ, ಕಪ್ಪು. ಮತ್ತೆ ಕೆಂಪು, ಹಳದಿ, ಕಪ್ಪು. ಬಣ್ಣ ಮಾಸಿತ್ತು, ಆದರೆ ಪಟ್ಟಿಗಳ ಅಗಲದಲ್ಲಿ ಒಂದೆಳೆಯೂ ಹೆಚ್ಚುಕಡಿಮೆ ಇರಲಿಲ್ಲ. ನಾನೇ ನೇಯ್ದದ್ದು. ಮೂಗಿಗೆ ಹಿಡಿದರೆ ಗಂಜಿಯ ಹುಳಿ ವಾಸನೆ ಇನ್ನೂ ಇದೆ ಅನ್ನಿಸಿತು... ಭ್ರಮೆಯೂ ಇರಬಹುದು. ಹಿಸಾಬ್ ಮಾಸ್ತರರು ನೆನಪಾದರು.

ನಾರಾಯಣಪೇಟೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಒಂದು ಮಣ್ಣಿನ ಗೋಡೆ ಇತ್ತು. ಅವರು ಸರ್ಕಾರಿ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರು. ನಿಜಾಮರ ಕಾಲವಾದ್ದರಿಂದ ಪಾಠವೆಲ್ಲ ಉರ್ದುವಿನಲ್ಲಿ; ಲೆಕ್ಕಕ್ಕೆ ಹಿಸಾಬ್ ಎನ್ನುತ್ತಿದ್ದರು. ಹಾಗಾಗಿ ಊರಿಗೆಲ್ಲ ಅವರು ಹಿಸಾಬ್ ಮಾಸ್ತರ. ಮನೆಯಲ್ಲಿ ಉರ್ದು, ನಮ್ಮೊಡನೆ ಕನ್ನಡ, ಸಂತೆಯಲ್ಲಿ ತೆಲುಗು ಮಾತಾಡುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಯಾವ ಭಾಷೆಯನ್ನೂ ಆಡುತ್ತಿರಲಿಲ್ಲ, ಕನ್ನಡಕ ತೆಗೆದು ಒರೆಸುತ್ತ ಕೂಡುತ್ತಿದ್ದರು. ಮಕ್ಕಳಿರಲಿಲ್ಲ. ಅವರ ಹೆಂಡತಿಯನ್ನು ನಾವೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದೆವು. ಆಪಾ ನಮ್ಮ ಅವ್ವನಿಗೆ ಉಪ್ಪಿನಕಾಯಿ ಕೊಟ್ಟರೆ ಅವ್ವ ಹೋಳಿಗೆ ಕೊಡುತ್ತಿದ್ದಳು. ಗೋಡೆಯ ಮೇಲೆ ಒಂದು ಕಡೆ ಬಟ್ಟಲು ಇಟ್ಟು ಇಟ್ಟು ತಗ್ಗು ಬಿದ್ದಿತ್ತು.

ನನಗಾಗ ಹದಿನಾರೋ ಹದಿನೇಳೋ. ನಾಲ್ಕನೆಯ ತರಗತಿಗೆ ಅಪ್ಪ ಶಾಲೆ ಬಿಡಿಸಿದ್ದ. ಮಗ್ಗದ ಮನೆಯಲ್ಲಿ ಓದಿದ ಕೈಗಿಂತ ದುಡಿಯುವ ಕೈ ಹೆಚ್ಚು ಬೇಕಾಗಿತ್ತು. ನಾನು ಅಂಗಳದಲ್ಲಿ ರಾಟಿ ಇಟ್ಟುಕೊಂಡು ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಅಪ್ಪನ ಬೆನ್ನು ನೋಯುವ ದಿನ ನಾನೇ ಮಗ್ಗಕ್ಕೆ ಕೂಡುತ್ತಿದ್ದೆ. ಶಾಲೆ ಬಿಟ್ಟ ಮೇಲೆ ಮಾಸ್ತರರು ಗೋಡೆಯ ಆಚೆ ಮಂಚ ಹಾಕಿಕೊಂಡು ಕೂತು, ನನ್ನ ಕೈ ನೋಡುತ್ತ, ಸುಮ್ಮನಿರಲಾರದೆ ಏನಾದರೂ ಕೇಳುತ್ತಿದ್ದರು. ಒಮ್ಮೆ, ಕೆಂಪು ಕಪ್ಪು ಎರಡೇ ಬಣ್ಣದಲ್ಲಿ ಐದು ಅಡ್ಡಪಟ್ಟಿಯ ಸೀರೆ ಎಷ್ಟು ತರಹ ನೇಯಬಹುದು ಎಂದು ಕೇಳಿದರು. ಬೇಕಾದಷ್ಟು ಎಂದೆ. ಬೇಕಾದಷ್ಟು ಅನ್ನುವುದು ಸಂಖ್ಯೆಯಲ್ಲ ಎಂದರು.

ನಮ್ಮ ಸೀರೆಗಳ ಕಸುಬು ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಮೈಗೆ ಅಡ್ಡಪಟ್ಟಿಗಳು ಒಂದೇ ಅಗಲದಲ್ಲಿ ಸಾಲಾಗಿ ಬರುತ್ತವೆ. ಐದು ಪಟ್ಟಿಯ ಸುತ್ತು ಎಂದರೆ ಐದು ಮುಗಿದ ಮೇಲೆ ಮತ್ತೆ ಮೊದಲಿನಿಂದ, ಸೀರೆ ಮುಗಿಯುವವರೆಗೂ ಅದೇ. ಒಂದೇ ಹಾಸಿನ, ಅಂದರೆ ಮಗ್ಗಕ್ಕೆ ಕಟ್ಟಿದ ಉದ್ದೆಳೆಗಳ, ಮೇಲೆ ನಾಲ್ಕೈದು ಸೀರೆ ಸಾಲಾಗಿ ನೇಯುತ್ತೇವೆ. ಹಿಂದಿನ ಸೀರೆಗೆ ಲಾಳಿ ಯಾವ ಪಟ್ಟಿಯಲ್ಲಿ ನಿಂತಿತ್ತೋ ಮುಂದಿನದು ಅಲ್ಲಿಂದಲೇ ಶುರು. ಆದ್ದರಿಂದ ಒಂದು ಸೀರೆ ಕೆಂಪಿನಿಂದ ಶುರುವಾಗಿ ಇನ್ನೊಂದು ಕಪ್ಪಿನಿಂದ ಶುರುವಾದರೂ, ಸೆರಗಿನ ಕಡೆಯಿಂದ ಓದಿದರೆ ಸುತ್ತಿನ ಕ್ರಮ ಒಂದೇ ಇದ್ದರೆ ಅದು ಒಂದೇ ಸೀರೆ. ಇಷ್ಟು ನಮ್ಮ ಮನೆಯ ಬೆಕ್ಕಿಗೂ ಗೊತ್ತಿತ್ತು. ಇದರೊಳಗೆ ಲೆಕ್ಕ ಇದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮಾಸ್ತರರು ಅದನ್ನು ಬಿಡಿಸಿ ತೋರಿಸಿದರು. ಪ್ರತಿ ಪಟ್ಟಿಗೆ ಎರಡು ಬಣ್ಣದ ಆಯ್ಕೆ, ಐದು ಪಟ್ಟಿಗೆ ಎರಡನ್ನು ಐದು ಸಲ ಗುಣಿಸಿದರೆ ಮೂವತ್ತೆರಡು. ಬರೀ ಕೆಂಪು ಒಂದು, ಬರೀ ಕಪ್ಪು ಒಂದು, ಅವೆರಡನ್ನು ತೆಗೆದರೆ ಮೂವತ್ತು. ಈ ಮೂವತ್ತರಲ್ಲಿ ಯಾವುದನ್ನೇ ತೆಗೆದುಕೊಂಡು ಶುರುವನ್ನು ಒಂದೊಂದೇ ಪಟ್ಟಿ ಸರಿಸುತ್ತ ಹೋದರೆ ಐದು ಬೇರೆಬೇರೆ ರೂಪ ಬರುತ್ತವೆ. ಐದೂ ಒಂದೇ ಸೀರೆ. ಮೂವತ್ತನ್ನು ಐದರಿಂದ ಭಾಗಿಸಿದರೆ ಆರು. ಆರೇ ಸೀರೆ. ನಾನು ನಂಬಲಿಲ್ಲ. ಎರಡು ದಿನ ಚೂರು ನೂಲು ಜೋಡಿಸಿ ಜೋಡಿಸಿ ನೋಡಿದೆ. ಏಳನೆಯದು ಸಿಗಲಿಲ್ಲ.

ಏಳು ಪಟ್ಟಿಗೂ ಹಾಗೆಯೇ: ನೂರಿಪ್ಪತ್ತಾರು, ಏಳರಿಂದ ಭಾಗಿಸಿದರೆ ಹದಿನೆಂಟು, ಶೇಷವಿಲ್ಲ. ಆದರೆ ನಾಲ್ಕು ಪಟ್ಟಿಗೆ ಹದಿನಾಲ್ಕು ಬಂದು, ನಾಲ್ಕರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. ಆರು ಪಟ್ಟಿಗೆ ಅರವತ್ತೆರಡು. ಅಲ್ಲಿಯೂ ಎರಡು ಉಳಿಯುತ್ತದೆ. ಐದು, ಏಳು, ಹನ್ನೊಂದು ಇಂಥವನ್ನು ಅವರು ಜಿದ್ದಿ ಸಂಖ್ಯೆ ಎನ್ನುತ್ತಿದ್ದರು. ಹಟ ಹಿಡಿದು ಕೂತಿರುತ್ತವೆ, ಯಾರಿಗೂ ಸಮಪಾಲು ಆಗುವುದಿಲ್ಲ. ಅದಕ್ಕೇ ಅವುಗಳ ಸುತ್ತು ನಡುವೆ ಮಡಚಿಕೊಳ್ಳುವುದಿಲ್ಲ. ನಾಲ್ಕು, ಆರು ಮೆತ್ತಗಿನವು. ಬಣ್ಣ ಎರಡೇ ಇರಲಿ, ಹತ್ತೇ ಇರಲಿ, ಜಿದ್ದಿ ಸಂಖ್ಯೆಯಾದರೆ ಭಾಗ ಚೊಕ್ಕವಾಗಿ ಹೋಗಲೇಬೇಕು ಎಂದು ಅವರು ಹೇಳುವಾಗ ಮುಖ ಬೆಳಗುತ್ತಿತ್ತು. ಇದು ಪುಸ್ತಕದಲ್ಲಿದೆಯೋ ಅವರೇ ಕಂಡುಕೊಂಡರೋ ನಾನು ಕೇಳಲಿಲ್ಲ. ಕೇಳಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ.

ಆಮೇಲೆ ನಿಜಾಮರ ಪರ ಆಯುಧ ಹಿಡಿದ ರಜಾಕಾರರ ಗದ್ದಲ ಶುರುವಾಯಿತು. ನಮ್ಮ ಓಣಿಯ ಕೆಲವು ಮನೆಗಳು ಖಾಲಿಯಾದವು. ಒಂದು ಮುಂಜಾನೆ ಅಪ್ಪ ಮಗ್ಗ ಬಿಚ್ಚಿದ. ಕಟ್ಟಿಗೆ ಹೋದರೆ ಹೋಗಲಿ, ಹಣಿಗೆಯ ಚಿಂತೆ ಅವನಿಗೆ. ಹಣಿಗೆ ಎಂದರೆ ಹಾಸಿನ ಎಳೆಗಳನ್ನು ಹಲ್ಲುಹಲ್ಲಿನ ನಡುವೆ ಹಿಡಿಯುವ ಬಿದಿರಿನ ಚೌಕಟ್ಟು. ನಮ್ಮದು ಅಜ್ಜನ ಕಾಲದ್ದು; ಅಷ್ಟು ಸಣ್ಣ ಹಲ್ಲಿನದನ್ನು ಕಟ್ಟುವವರು ಆಗಲೇ ಉಳಿದಿರಲಿಲ್ಲ. ಹೊತ್ತುಕೊಂಡು ಹೊಳೆ ದಾಟಿದರೆ ಮುರಿಯುವುದು ಖಂಡಿತ. ಅಪ್ಪ ಅದನ್ನು ಗೋಡೆಯ ಮೇಲಿಂದ ಮಾಸ್ತರರ ಕೈಗೆ ಕೊಟ್ಟ. ನಾವು ಮಕ್ತಲ್ ತನಕ ಬಂಡಿಯಲ್ಲಿ ಹೋಗಿ, ಹರಗೋಲಿನಲ್ಲಿ ಕೃಷ್ಣೆ ದಾಟಿ, ಗದ್ವಾಲ್, ಐಜ ಹಾದು ಕರ್ನೂಲಿನ ಸೀಮೆಯಲ್ಲಿ ಅವ್ವನ ಸೋದರಮಾವನ ಮನೆ ಸೇರಿದೆವು. ಅಲ್ಲಿ ಹೊಟ್ಟೆಗೆ ಇತ್ತು. ಮಾಡಲು ಕೆಲಸ ಮಾತ್ರ ಇರಲಿಲ್ಲ, ಅಪ್ಪ ಒಣಗಿದ.

ಭಾರತದ ಸೈನ್ಯ ಬಂದು, ಪೊಲೀಸ್ ಆಕ್ಷನ್ ಆಗಿ, ನಿಜಾಮರ ಆಳಿಕೆ ಮುಗಿದು ಕೆಲವು ತಿಂಗಳು ಕಳೆದ ಮೇಲೆ ಮರಳಿ ಬಂದೆವು. ಆಗ ಭಯ ಮನೆ ಬದಲಿಸಿತ್ತು. ನಾವು ಬಾಗಿಲು ತೆರೆದೆವು, ಮಾಸ್ತರರು ಬಾಗಿಲು ಮುಚ್ಚಿಕೊಂಡಿದ್ದರು. ಹಳೆಯ ಸರ್ಕಾರದ ನೌಕರರೆಂದು ಅವರನ್ನು ಎರಡು ದಿನ ಕರೆದೊಯ್ದು ಕೂಡಿಸಿ ಬಿಟ್ಟಿದ್ದರಂತೆ. ಅವರ ಬಂಧುಗಳ ಊರುಗಳಲ್ಲಿ ಏನಾಯಿತು ಎಂದು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾವು ಬಂದ ಸಪ್ಪಳ ಕೇಳಿ ಅವರು ಮೊದಲು ಮಾಡಿದ ಕೆಲಸ ಹಣಿಗೆಯನ್ನು ಗೋಡೆಯ ಮೇಲಿಂದ ಅಪ್ಪನಿಗೆ ಕೊಟ್ಟದ್ದು. ಗೆದ್ದಲು ಹತ್ತಬಾರದೆಂದು ಅಡಿಗೆಮನೆಯ ಹೊಗೆಯಲ್ಲಿ ತೂಗುಹಾಕಿದ್ದರು. ನಡುವೆ ಯಾರೋ ಮನೆ ತಪಾಸಣೆಗೆ ಬಂದಾಗ, ನೇಕಾರನ ಸಾಮಾನು ನಿನ್ನ ಮನೆಯಲ್ಲೇಕೆ ಎಂದು ಕೇಳಿದರಂತೆ. ಹುಡುಗರಿಗೆ ಗೆರೆ ಎಳೆದು ತೋರಿಸಲು ಎಂದು ಹೇಳಿದೆ ಎಂದು ನಕ್ಕರು. ಒಂದು ಹಲ್ಲೂ ಮುರಿದಿರಲಿಲ್ಲ.

ಮರುವರ್ಷ ಊರಿನಲ್ಲಿ ನೇಕಾರರ ಸಂಘ ಆಯಿತು. ನೂಲಿಗೆ ಆಗ ಕಂಟ್ರೋಲು. ಸಂಘದ ಮೂಲಕ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ನೂಲು ಒಯ್ದವರು ಅದನ್ನೇ ನೇಯ್ದು ತಂದರೋ ಇಲ್ಲವೋ ಗೊತ್ತಾಗಬೇಕಲ್ಲ. ಅದಕ್ಕೆ ಸಂಘದ ಪಂಚರು ಒಂದು ಉಪಾಯ ಮಾಡಿದರು. ಎಲ್ಲ ಮನೆಗಳೂ ಆರು ಪಟ್ಟಿಯ ಸುತ್ತನ್ನೇ ನೇಯಬೇಕು, ಆರು ಪಟ್ಟಿ ಎಂದರೆ ಸರಿಯಾಗಿ ಒಂದು ಗೇಣು, ಅಳೆಯಲು ಸುಲಭ. ಬಣ್ಣ ಮೂರೇ, ಕೆಂಪು ಹಳದಿ ಕಪ್ಪು. ಆದರೆ ಪ್ರತಿ ಮನೆಗೂ ತನ್ನದೇ ಕ್ರಮ ಇರಬೇಕು. ಸೀರೆ ನೋಡಿದರೆ ಯಾರ ಮನೆಯದೆಂದು ಹೇಳಬರಬೇಕು. ಎರಡು ಮನೆಗೆ ಒಂದೇ ಕ್ರಮ ಬಂದರೆ ಜಗಳ. ಒಬ್ಬ ಕೆಂಪಿನಿಂದ ಎಣಿಸಿ, ಇನ್ನೊಬ್ಬ ಹಳದಿಯಿಂದ ಎಣಿಸಿ, ನಮ್ಮದು ಬೇರೆ ಎಂದು ಸಾಧಿಸುವ ಮಂದಿ ನಮ್ಮಲ್ಲಿ ಕಡಿಮೆ ಇರಲಿಲ್ಲ. ಇಂಥ ತಕರಾರು ಬಿಡಿಸುವವರು ಊರಲ್ಲಿ ಒಬ್ಬರೇ. ಪಂಚರು ಹಿಸಾಬ್ ಮಾಸ್ತರರ ಮನೆಗೆ ಬಂದರು.

ಆ ದಿನ ಮಾಸ್ತರರು ನಮ್ಮ ಅಂಗಳಕ್ಕೆ ಬಂದು ನನಗೆ ಸುದ್ದಿ ಹೇಳಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಎಷ್ಟೋ ತಿಂಗಳ ನಂತರ ಅವರ ಮನೆಗೆ ಊರಿನ ನಾಲ್ಕು ಜನ ಒಟ್ಟಿಗೆ ಬಂದು ಚಹಾ ಕುಡಿದಿದ್ದರು. ಆಪಾ ಕಪ್ಪುಗಳನ್ನು ತೊಳೆಯದೆ ಹಾಗೇ ಇಟ್ಟುಕೊಂಡಿದ್ದರು. ಮಾಸ್ತರರು ಲೆಕ್ಕ ಆಗಲೇ ಮಾಡಿದ್ದರು. ಮೂರನ್ನು ಆರು ಸಲ ಗುಣಿಸಿದರೆ ಏಳುನೂರ ಇಪ್ಪತ್ತೊಂಬತ್ತು; ಒಂದೇ ಬಣ್ಣದ ಮೂರನ್ನು ಬಿಟ್ಟರೆ ಏಳುನೂರ ಇಪ್ಪತ್ತಾರು; ಆರರಿಂದ ಭಾಗಿಸಿದರೆ ನೂರಿಪ್ಪತ್ತೊಂದು, ಶೇಷ ಸೊನ್ನೆ. ಆರು ಮೆತ್ತಗಿನ ಸಂಖ್ಯೆ ಅಲ್ಲವೇ ಎಂದು ನಾನು ಕೇಳಿದೆ. ಎರಡು ಬಣ್ಣದಲ್ಲಿ ಅದು ಮೆತ್ತಗೆ, ಮೂರನೆಯ ಬಣ್ಣ ಬಂದ ಮೇಲೆ ಆರೂ ಸುಧಾರಿಸಿತು ಎಂದು ನಕ್ಕರು. ನಾನೂ ನಕ್ಕೆ. ಸಂಘದಲ್ಲಿ ಆಗ ಇದ್ದದ್ದು ನೂರಾ ಹದಿನೆಂಟು ಮನೆ. ಸಾಕಾಗಿ ಮೂರು ಮಿಗುತ್ತದೆ ಎಂದು ಪಂಚರು ಸಂತೋಷಪಟ್ಟರು.

ಒಂದು ದಪ್ಪ ರಿಜಿಸ್ಟರ್ ಬಂತು. ಮನೆಯವರು ತಮಗೆ ಬೇಕಾದ ಕ್ರಮ ಹೇಳುವುದು, ಮಾಸ್ತರರು ಅದನ್ನು ಆರೂ ಕಡೆಯಿಂದ ತಿರುಗಿಸಿ ಓದಿ, ಮೊದಲೇ ಯಾರೂ ತೆಗೆದುಕೊಂಡಿಲ್ಲ ಎಂದು ಖಾತ್ರಿಯಾದರೆ ಬರೆದುಕೊಳ್ಳುವುದು. ತಿಂಗಳೊಪ್ಪತ್ತು ಅವರ ಅಂಗಳ ಸಂತೆಯಂತೆ ತುಂಬಿರುತ್ತಿತ್ತು. ಈ ನಡುವೆ, ಓಡಿ ಹೋಗಿದ್ದ ಮನೆಗಳು ಒಂದೊಂದಾಗಿ ಹೆಸರು ಹಚ್ಚತೊಡಗಿದವು. ನಮಗೆ ಬಿಚ್ಚಿದ ಮಗ್ಗ ಕೂಡಿಸಲು ಬಹಳ ದಿನ ಹಿಡಿದಿತ್ತು; ಮಗ್ಗ ನಿಲ್ಲದೆ ಸಂಘಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ಕೊನೆಗೆ ನೂರಾ ಇಪ್ಪತ್ನಾಲ್ಕು ಮನೆ ಆದವು. ಅಪ್ಪ ಕ್ರಮ ಬರೆಸಲು ಹೋಗುವಷ್ಟರಲ್ಲಿ ರಿಜಿಸ್ಟರಿನಲ್ಲಿ ನೂರಿಪ್ಪತ್ತೊಂದು ಹೆಸರು ತುಂಬಿ, ಮಾಸ್ತರರು ಕೆಳಗೆ ಗೆರೆ ಎಳೆದು ಸಹಿ ಹಾಕಿದ್ದರು. ಇನ್ನು ಕ್ರಮ ಇಲ್ಲ. ಕ್ರಮ ಇಲ್ಲದ ಮನೆಗೆ ನೂಲು ಇಲ್ಲ. ಉಳಿದ ಮೂರು ಮನೆ ಎಂದರೆ ನಮ್ಮದು, ಇನ್ನೆರಡು ನಮ್ಮಂತೆಯೇ ಓಡಿ ಹೋಗಿ ಬಂದವರದು.

ಅಪ್ಪ ಮನೆಗೆ ಬಂದು ಖಾಲಿ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ. ನನಗೆ ಸಿಟ್ಟು ಬಂತು. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕೆಂಪು, ಹಳದಿ, ಕಪ್ಪು ಎಂದು ಮೂರನ್ನೇ ಒಂದರ ಹಿಂದೆ ಒಂದು ನೇಯುತ್ತಿದ್ದೆವು. ಆರು ಪಟ್ಟಿಯ ಸುತ್ತಿನಲ್ಲಿ ಅದು ಎರಡು ಸಲ ಬರುತ್ತದೆ, ಅಷ್ಟೇ. ನಮ್ಮ ಕ್ರಮವನ್ನು ಕದ್ದವರು ಯಾರು ಎಂದು ನೋಡೇ ಬಿಡುತ್ತೇನೆ ಎಂದು ಅವ್ವನಿಗೆ ಹೇಳಿ ಆಚೆ ಮನೆಗೆ ಹೋದೆ. ಆಪಾ ಅಕ್ಕಿ ಆರಿಸುತ್ತಿದ್ದರು. ಮಾಸ್ತರರು ರಿಜಿಸ್ಟರ್ ಕೊಟ್ಟರು. ಪ್ರತಿ ಹೆಸರಿನ ಮುಂದೆ ಆರು ಚುಕ್ಕೆ, ಮೂರು ಬಣ್ಣದ ಶಾಯಿಯಲ್ಲಿ. ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಉರ್ದು ನನಗೆ ಮರೆತುಹೋಗಿತ್ತು, ಬಣ್ಣ ಓದಲು ಬರುತ್ತಿತ್ತು. ಬೆರಳಿಟ್ಟು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಎರಡು ಸಲ ಹೋದೆ. ನಮ್ಮ ಕ್ರಮವನ್ನು ಯಾರೂ ಕದ್ದಿರಲಿಲ್ಲ. ಅದು ಅಲ್ಲಿ ಇರಲೇ ಇಲ್ಲ.

“ಇದು ಇಲ್ಲರಿ ಮಾಸ್ತರ” ಎಂದೆ.

ಇರಲೇಬೇಕು ಎಂದರು. ಅವರೇ ನೋಡಿದರು. ಮತ್ತೆ ನೋಡಿದರು. ಕನ್ನಡಕ ತೆಗೆದು ಒರೆಸಿದರು. ನಾನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ನೂಲಿನ ಚೂರುಗಳನ್ನು ನೆಲದ ಮೇಲೆ ಹಾಸಿ ಕೆಂಪು, ಹಳದಿ, ಕಪ್ಪು, ಕೆಂಪು, ಹಳದಿ, ಕಪ್ಪು ಎಂದು ಇಟ್ಟೆ. ಶುರುವನ್ನು ಒಂದು ಪಟ್ಟಿ ಸರಿಸಿದೆ, ಎರಡು ಸರಿಸಿದೆ, ಮೂರು ಸರಿಸಿದಾಗ ಮೊದಲಿನದೇ ಆಯಿತು. ಅಷ್ಟು ಸಾಕಾಗಿತ್ತು ಅವರಿಗೆ. ಆರು ರೂಪ ಇರಬೇಕಾದಲ್ಲಿ ಇದಕ್ಕೆ ಇರುವುದು ಮೂರೇ ರೂಪ. ಎಲ್ಲಕ್ಕೂ ಆರಾರು ಎಂದು ಭಾಗಿಸಿದ್ದರಿಂದ ಇಂಥವೆಲ್ಲ ಅರ್ಧವಾಗಿ, ಕೆಲವು ಮೂರನೆಯ ಒಂದು ಪಾಲಾಗಿ ಲೆಕ್ಕಕ್ಕೆ ಬಿದ್ದಿದ್ದವು. ಅವರು ಹಾಳೆ ತೆಗೆದು ಅಲ್ಲೇ ಕೂತು ಬರೆಯತೊಡಗಿದರು. ಎರಡೆರಡಕ್ಕೆ ಮಡಚುವವು, ಅಂದರೆ ಎರಡು ಪಟ್ಟಿಯೇ ಮೂರು ಸಲ ಬರುವವು, ಮೂರು. ಮೂರುಮೂರಕ್ಕೆ ಮಡಚುವವು ಎಂಟು. ಮಡಚದೆ ಇರುವವು ನೂರಾ ಹದಿನಾರು. ಒಟ್ಟು ನೂರಿಪ್ಪತ್ತೇಳು. ಆರು ಕ್ರಮಗಳು ಉಳಿದಿದ್ದವು, ಬೇಕಾಗಿದ್ದದ್ದು ಮೂರು.

ನಾನು ಕುಣಿಯುವುದೊಂದು ಬಾಕಿ. ಅವರು ಮಾತ್ರ ತುಂಬ ಹೊತ್ತು ಹಾಳೆಯನ್ನೇ ನೋಡುತ್ತಿದ್ದರು. “ಶೇಷ ಸೊನ್ನಿ ಬಂದ್ರ ಲೆಕ್ಕ ಸರಿ ಐತಿ ಅಂತ ಪೋರರಿಗೆ ಇಷ್ಟು ವರ್ಷ ಹೇಳಿಕೋತ ಬಂದೀನಿ ಬೇಟಿ” ಎಂದರು. ಅದು ನಿಜವೂ ಹೌದು. ಊರಿನ ಎಲ್ಲ ಹುಡುಗರೂ ಭಾಗಾಕಾರ ಮಾಡಿ, ಕೆಳಗೆ ಸೊನ್ನೆ ಬಂದರೆ ಕಲ್ಲಿನ ಪಾಟಿ ಬದಿಗಿಟ್ಟು ಎದ್ದು ಹೋಗುತ್ತಿದ್ದುದು ಅವರು ಕಲಿಸಿದ ಅಭ್ಯಾಸವೇ. ಜಿದ್ದಿ ಸಂಖ್ಯೆಗೆ ಭಾಗ ಚೊಕ್ಕವಾಗಿ ಹೋಗುತ್ತದೆ. ಆದರೆ ಭಾಗ ಚೊಕ್ಕವಾಗಿ ಹೋದದ್ದೆಲ್ಲ ಜಿದ್ದಿ ಸಂಖ್ಯೆಯಲ್ಲ. ಎರಡೆರಡಕ್ಕೆ ಮಡಚುವ ಆರು ರೂಪ, ಮೂರುಮೂರಕ್ಕೆ ಮಡಚುವ ಇಪ್ಪತ್ನಾಲ್ಕು ರೂಪ, ಎರಡೂ ಆರರಿಂದ ಭಾಗ ಹೋಗುವಂಥವೇ ಆದ್ದರಿಂದ ತಪ್ಪುಗಳು ಸೊನ್ನೆಯ ಹಿಂದೆ ಅಡಗಿದ್ದವು.

ನಾಳೆಯೇ ಪಂಚರಿಗೆ ಹೇಳುತ್ತೇನೆ, ನೀನೇನೂ ಹೇಳಬೇಡ ಎಂದರು. ಅವರು ಹಾಗೆ ಏಕೆ ಅಂದರೆಂದು ನನಗೆ ಆಮೇಲೆ ತಿಳಿಯಿತು. ಮದುವೆಗೆ ಬಂದ ಹುಡುಗಿ ಮಾಸ್ತರರ ಮನೆಯಲ್ಲಿ ಕೂತು ರಿಜಿಸ್ಟರ್ ತಿರುವಿದಳು ಎಂದರೆ, ಆ ದಿನಗಳಲ್ಲಿ, ಆ ಊರಿನಲ್ಲಿ, ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತಿತ್ತು.

ಸಭೆ ಸಂಘದ ಕೋಣೆಯ ಮುಂದಿನ ಕಟ್ಟೆಯ ಮೇಲೆ, ಬೆಳಿಗ್ಗೆ ಹತ್ತರ ಬಿಸಿಲಿಗೆ. ನೂಲಿನ ಗಂಟುಗಳು ಬಂದಿದ್ದವು, ಹಂಚುವ ದಿನ. ನಾವು ಹೆಂಗಸರು ಬಾಗಿಲ ಬದಿಗೆ ನಿಂತಿದ್ದೆವು. ಮಾಸ್ತರರು ಎದ್ದು ನಿಂತು, ತಪ್ಪು ನನ್ನದು, ನೂರಿಪ್ಪತ್ತೊಂದಲ್ಲ ನೂರಿಪ್ಪತ್ತೇಳು, ಭಾಗ ಸರಿಹೋಯಿತೆಂದು ಮತ್ತೆ ನೋಡಲಿಲ್ಲ, ಮೂರೂ ಮನೆಗೆ ಇವತ್ತೇ ಕ್ರಮ ಬರೆದುಕೊಡುತ್ತೇನೆ ಎಂದರು. ನೂಲಿನ ಚೂರು ಇಟ್ಟು ತೋರಿಸಿದರು. ಮುಂದೆ ಕೂತ ಕೆಲವರು ತಲೆಯಾಡಿಸಿದರು, ಅವರಿಗೆ ತಿಳಿದಿತ್ತು. ತಪ್ಪನ್ನು ಯಾರು ಹಿಡಿದರು ಎಂದು ಒಬ್ಬರು ಕೇಳಿದರು. ನಾನೇ ನೋಡಿಕೊಂಡೆ ಎಂದರು ಮಾಸ್ತರರು. ನನ್ನ ಕಡೆ ತಿರುಗಲೂ ಇಲ್ಲ.

ಇಷ್ಟಕ್ಕೆ ಮುಗಿಯಬೇಕಾಗಿತ್ತು. ಪಂಚರಲ್ಲಿ ಹಿರಿಯರೊಬ್ಬರು ಮೀಸೆ ಸವರಿಕೊಂಡು ಮೆಲ್ಲಗೆ ಕೇಳಿದರು: “ಅದೆಲ್ಲಾ ಖರೆ ಮಾಸ್ತರ. ರಜಾಕಾರರಿಗೆ ಅಂಜಿ ಓಡಿ ಹೋದವರ ಮನೀನೇ ಮೂರೂ ಹ್ಯಾಂಗ ಉಳದ್ವು?”

ಕೊನೆಗೆ ಹೆಸರು ಹಚ್ಚಿದವರು ಕೊನೆಗೆ ಉಳಿದರು ಎಂದು ಮಾಸ್ತರರು ಹೇಳಿದರು. ಲೆಕ್ಕದ ಮಾಸ್ತರ ಲೆಕ್ಕದಲ್ಲಿ ತಪ್ಪುತ್ತಾನೆ ಎಂದರೆ ನಂಬುವುದು ಹೇಗೆ ಎಂದು ಇನ್ನೊಬ್ಬರು ಕೇಳಿದರು. ಹಿಂದಿನಿಂದ ಯಾರೋ ಅವರ ತಲೆಯ ಮೇಲಿನ ಟೋಪಿಯ ಮಾತು ಎತ್ತಿದರು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಅವರು ತಿರುಗಿ ಮಾತಾಡುತ್ತಿದ್ದರೇನೋ. ಅವರು ಕನ್ನಡಕ ತೆಗೆದು ಒರೆಸುತ್ತ, ಒಂದೇ ಒಂದು ಸಲ ನಮ್ಮ ಅಪ್ಪನ ಕಡೆ ನೋಡಿದರು. ನಮ್ಮ ಹಣಿಗೆಯನ್ನು ಅಷ್ಟು ತಿಂಗಳು ಹೊಗೆಯಲ್ಲಿ ಕಾದವರು ಇವರು ಎಂದು ಅಪ್ಪ ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಅಪ್ಪ ನೂಲಿನ ಗಂಟಿನ ಕಡೆ ನೋಡುತ್ತಿದ್ದ.

ಅಪ್ಪನನ್ನು ದೂರಿ ನಾನು ಪಾರಾಗಲಾರೆ. ತಪ್ಪು ಹಿಡಿದವಳು ನಾನು, ಅವರು ಒಂದು ಗಳಿಗೆಯೂ ಮುಚ್ಚಿಡಲಿಲ್ಲ ಎಂದು ಕಂಡವಳು ನಾನು. ಹುಡುಗಿ ಸಭೆಯಲ್ಲಿ ಬಾಯಿ ಬಿಡಬಾರದು ಎಂಬ ನೆಪವೂ ನನಗಿಲ್ಲ. ಹಿಂದಿನ ವಾರವಷ್ಟೇ ಬಾವಿಯ ಸರದಿಗಾಗಿ ಅರ್ಧ ಓಣಿಯ ಜೊತೆ ಜಗಳಾಡಿ ಗೆದ್ದು ಬಂದಿದ್ದೆ. ಅವರು ಹೇಳಬೇಡ ಎಂದಿದ್ದರು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ನನಗೆ ಭಯವಾಗಿತ್ತು. ಅವರ ಪರ ಮಾತಾಡಿದರೆ ನಮ್ಮ ಪಾಲಿನ ನೂಲು ಅಲ್ಲೇ ಉಳಿದೀತೆಂದು ಭಯ. ಸುಮ್ಮನೆ ನಿಂತೆ. ಮಧ್ಯಾಹ್ನದ ಹೊತ್ತಿಗೆ ನೂಲು ನಮ್ಮ ಮನೆಯಲ್ಲಿತ್ತು.

ರಿಜಿಸ್ಟರನ್ನು ಸಂಘದವರು ವಾಪಸು ಒಯ್ದರು. ಆಮೇಲೆ ಮಾಸ್ತರರು ಗೋಡೆಯ ಹತ್ತಿರ ಮಂಚ ಹಾಕಲಿಲ್ಲ. ಎರಡು ತಿಂಗಳಲ್ಲಿ ತಾವೇ ಕೇಳಿಕೊಂಡು ಗದ್ವಾಲಿಗೆ ವರ್ಗ ಮಾಡಿಸಿಕೊಂಡರು. ಹೊರಡುವ ದಿನ ಆಪಾ ಅವ್ವನನ್ನು ತಬ್ಬಿಕೊಂಡು ಅತ್ತರು. ಮಾಸ್ತರರು ನನ್ನನ್ನು ಕರೆದು, ಒಂಬತ್ತು ಪಟ್ಟಿ ಎರಡು ಬಣ್ಣ ಮಾಡಿ ನೋಡು, ಶೇಷ ಉಳಿಯುತ್ತದೆ, ಯಾಕೆ ಉಳಿಯುತ್ತದೆ ಎಂದು ಯೋಚನೆ ಮಾಡು ಎಂದರು. ಆಗಲಿ ಎಂದೆ. ಬಂಡಿ ಓಣಿಯ ತಿರುವಿನಲ್ಲಿ ಹೋಯಿತು...

ನನ್ನನ್ನು ಮಕ್ತಲಿಗೆ ಕೊಟ್ಟರು. ಮದುವೆ, ಮಕ್ಕಳು, ಮಗ್ಗ. ಮಕ್ತಲಿನಿಂದ ಗದ್ವಾಲ್ ಹೊಳೆಯಾಚೆ. ಹೋಗಬೇಕು ಎಂದುಕೊಂಡಾಗಲೆಲ್ಲ ಏನೋ ಕೆಲಸ ಬರುತ್ತಿತ್ತು. ಬರದಿದ್ದರೆ ನಾನೇ ಹುಡುಕಿಕೊಳ್ಳುತ್ತಿದ್ದೆ. ಹನ್ನೆರಡು ವರ್ಷವಾದ ಮೇಲೆ ಒಂದು ಬೇಸಿಗೆಯಲ್ಲಿ ನನ್ನ ಗಂಡನ ಅಕ್ಕನ ಮನೆಯ ಮದುವೆಗೆಂದು ಐಜಕ್ಕೆ ಹೊರಟಿದ್ದೆವು. ನಡುವೆ ಗದ್ವಾಲಿನಲ್ಲಿ ಬಂಡಿ ನಿಲ್ಲಿಸಿ, ಹಿಸಾಬ್ ಮಾಸ್ತರರ ಮನೆ ಎಲ್ಲಿ ಎಂದು ಕೇಳಿದೆ. ಕೋಟೆಯ ಹತ್ತಿರದ ಓಣಿಯಲ್ಲಿ ಒಬ್ಬ ಅಂಗಡಿಯವ ಕೈ ತೋರಿಸಿದ. ಆಪಾ ಬಾಗಿಲು ತೆರೆದರು. ಕೂದಲು ಪೂರ್ತಿ ಬಿಳಿ. ಗುರುತು ಹಿಡಿಯಲು ಅರೆಗಳಿಗೆಯೂ ಬೇಕಾಗಲಿಲ್ಲ ಅವರಿಗೆ, ಕೈ ಹಿಡಿದು ಒಳಗೆ ಎಳೆದುಕೊಂಡರು. ಹೇಗೆ ಬಂದೆ ಎಂದು ಕೇಳಿದರು. ಈ ವರ್ಷ ನೀರೇ ಇಲ್ಲ ಆಪಾ, ಹೊಳೆಯನ್ನು ನಡೆದೇ ದಾಟಿದೆವು, ಮೊಣಕಾಲೂ ನೆನೆಯಲಿಲ್ಲ ಎಂದೆ. ಆಮೇಲೆ ಮಾಸ್ತರರು ಎಲ್ಲಿ ಎಂದು ಕೇಳಿದೆ. ಹೋಗಿ ಎರಡು ವರ್ಷವಾಯಿತು ಎಂದರು.

ಚಹಾ ಮಾಡುತ್ತ ಆಪಾ ಮಾತಾಡಿದರು. ಗದ್ವಾಲಿನಲ್ಲಿ ಅವರಿಗೆ ಒಳ್ಳೆಯ ಹೆಸರಿತ್ತಂತೆ. ತೆಲುಗಿನಲ್ಲಿ ಪಾಠ ಮಾಡಲು ಆ ವಯಸ್ಸಿನಲ್ಲಿ ಅಕ್ಷರ ತಿದ್ದಿದರಂತೆ. ಪ್ರತಿ ವರ್ಷ ಹೊಸ ಹುಡುಗರು ಬಂದಾಗ ಮೊದಲ ದಿನ ಒಂದು ಕಥೆ ಹೇಳುತ್ತಿದ್ದರಂತೆ: ನಾರಾಯಣಪೇಟೆಯಲ್ಲಿ ನೇಕಾರರ ಮನೆಯ ಒಬ್ಬ ಹುಡುಗಿ ನಾಲ್ಕು ಚೂರು ನೂಲು ಹಿಡಿದು ನನ್ನ ಲೆಕ್ಕದ ತಪ್ಪು ತೋರಿಸಿದಳು, ಸೊನ್ನೆ ಬಂತೆಂದು ಪಾಟಿ ಬದಿಗಿಡಬೇಡಿ ಎಂದು. ಆ ಹುಡುಗಿಯನ್ನು ತಮ್ಮ ಉಸ್ತಾದ್ ಎನ್ನುತ್ತಿದ್ದರಂತೆ. ಆ ಸಭೆಯ ವಿಷಯ ಆಪಾಗೆ ಗೊತ್ತಿದ್ದಂತೆ ಕಾಣಲಿಲ್ಲ. ಗದ್ವಾಲಿನ ಶಾಲೆ ದೊಡ್ಡದು, ಅದಕ್ಕೇ ವರ್ಗ ಕೇಳಿಕೊಂಡೆ ಎಂದು ಅವರಿಗೆ ಹೇಳಿದ್ದರು. ಕೊನೆಯವರೆಗೂ ಅಷ್ಟೇ ಹೇಳಿದ್ದರು.

ಬಟ್ಟಲನ್ನು ನನ್ನ ಮುಂದಿಟ್ಟು ಆಪಾ ಕೇಳಿದರು: “ಇಷ್ಟು ಹತ್ರ ಇದ್ರಿ. ಅವರು ಇರೂತನಕ ಒಂದ್ಸಲನೂ ಯಾರೂ ಬರಲಿಲ್ಲಲ್ಲಮ್ಮ, ಯಾಕ?”

ಎಲ್ಲವನ್ನೂ ಹೇಳಿಬಿಡಬೇಕು ಅನ್ನಿಸಿತು. ಹೇಳಿದರೆ ಅವರು ಇಷ್ಟು ವರ್ಷ ಹೆಂಡತಿಯಿಂದ ಕಾಪಾಡಿದ್ದನ್ನು ನಾನು ಒಡೆದಂತೆ. ಹೇಳದಿದ್ದರೆ ಎರಡನೆಯ ಸಲ ಸುಮ್ಮನಿದ್ದಂತೆ. ಬಾಯಿಗೆ ಬಂದದ್ದು ಮೂರನೆಯದು.

“ಹೊಳಿ ಅಡ್ಡ ಇತ್ತಲ್ಲರಿ ಆಪಾ” ಎಂದೆ.

ಅಂದ ಮೇಲೆ ನನಗೆ ಹೊಳೆದಿದ್ದು, ಕಾಲು ಗಳಿಗೆ ಹಿಂದೆ ಏನು ಹೇಳಿದ್ದೆ ಎಂದು. ಆಪಾ ನನ್ನ ಮುಖ ನೋಡಿದರು. ಬಟ್ಟಲು ಬರಿದಾಗಿರಲಿಲ್ಲ, ಆದರೂ ಅದಕ್ಕೆ ಇನ್ನಷ್ಟು ಚಹಾ ಹಾಕಿದರು.

ಈಗ ಗದ್ವಾಲಿಗೆ ಅಣೆಕಟ್ಟಿನ ಮೇಲೆ ಹಾದು ಬಸ್ಸು ಹೋಗುತ್ತದೆ. ಹೊಳೆ ಅಡ್ಡ ಇದೆ ಎಂದು ಹೇಳುವ ಹಾಗೂ ಇಲ್ಲ. ಆ ಓಣಿಯಲ್ಲಿ ನನ್ನ ಗುರುತಿನವರು ಯಾರೂ ಉಳಿದಿಲ್ಲ. ಕಳೆದ ವಾರ ಮೊಮ್ಮಗಳಿಗೆ ಆರು ಪಟ್ಟಿಯ ಲೆಕ್ಕ ತೋರಿಸಿದೆ. ಅವಳು ಡಿಗ್ರಿಯಲ್ಲಿ ಗಣಿತ ಓದುತ್ತಾಳೆ, ಇದೆಲ್ಲ ಪುಸ್ತಕದಲ್ಲಿದೆ ಎಂದಳು. ಇರಲಿ. ಆಮೇಲೆ ಆ ಮಾಸ್ತರರು ಏನಾದರು ಎಂದು ಕೇಳಿದಳು. ಗದ್ವಾಲಿಗೆ ವರ್ಗವಾಗಿ ಹೋದರು ಎಂದೆ. ಮಕ್ಕಳಿಗೂ ನೆಂಟರಿಗೂ ಇಷ್ಟು ವರ್ಷ ನಾನು ಕೊಡುತ್ತ ಬಂದ ಉತ್ತರ ಅದೇ. ತಪ್ಪು ಹಿಡಿದ ಹುಡುಗಿಯ ಕಥೆಯನ್ನು ಹೆಮ್ಮೆಯಿಂದ ಹೇಳಿ ಅಲ್ಲಿಗೆ ನಿಲ್ಲಿಸುತ್ತಿದ್ದೆ. ಅವಳು ಎದ್ದು ಹೋಗುವವಳಿದ್ದಳು. ಕೈ ಹಿಡಿದು ಕೂಡಿಸಿದೆ. ವರ್ಗವಾದದ್ದಲ್ಲ, ಕೇಳು ಎಂದು ಸಭೆಯ ದಿನದಿಂದ ಹೇಳಲು ಶುರುಮಾಡಿದೆ. ಇದರಿಂದ ಮಾಸ್ತರರಿಗೆ ಇನ್ನೇನೂ ಒಳ್ಳೆಯದಾಗುವುದಿಲ್ಲ ಎಂದು ನನಗೆ ಗೊತ್ತು.